ಆಟದ ವಿಮಾನದಲ್ಲೂ ಪಾಠವಿದೆ

ಪುಟ್ಟ ವಿಮಾನ ಮಾಡುತ್ತ ಕುಳಿತ ಮಕ್ಕಳನ್ನು ಕಂಡರೆ ನಮ್ಮ ಮಾಧವರಂನ ಹಿರಿಯರು, "ಇದರಿಂದ ಮಾರ್ಕ್ಸು ಬರುತ್ತದೆಯೇ?" ಎಂದು ಕೇಳುವುದುಂಟು. ಪ್ರಶ್ನೆ ಸಹಜವೇ. ಆದರೆ 1878ರಲ್ಲಿ ಅಮೆರಿಕದ ತಂದೆಯೊಬ್ಬರು ರಬ್ಬರಿನ ಬಲದಿಂದ ಹಾರುವ ಆಟಿಕೆಯೊಂದನ್ನು ಮಕ್ಕಳಿಗೆ ತಂದುಕೊಟ್ಟರು. ಅದನ್ನು ನೋಡಿ ತಾವೂ ಅಂಥವನ್ನೇ ಮಾಡಿದ ಆ ಹುಡುಗರೇ ರೈಟ್ ಸಹೋದರರು. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಸಲ 12 ಸೆಕೆಂಡು ಹಾರಿತು.

ಗುರುತ್ವಕೇಂದ್ರದ ವ್ಯಾಖ್ಯೆಯನ್ನು ನಾವು ಬಾಯಿಪಾಠ ಮಾಡುತ್ತೇವೆ, ಮರೆಯುತ್ತೇವೆ. ಬಾಲ ಭಾರವಾದ ಥರ್ಮಾಕೋಲಿನ ಗ್ಲೈಡರು ಮೂತಿ ಎತ್ತಿ ಬಿದ್ದಾಗ, ಮೂತಿಗೆ ಚೂರು ಜೇಡಿಮಣ್ಣು ಅಂಟಿಸಿ ಮತ್ತೆ ಹಾರಿಸಿದವರು ಅದನ್ನು ಎಂದೂ ಮರೆಯಲಾರರು.

ಇದರ ಮುಂದಿನ ಮೆಟ್ಟಿಲೇ ರೇಡಿಯೋ ನಿಯಂತ್ರಿತ ವಿಮಾನ. ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಸಂಕೇತವನ್ನು ವಿಮಾನದೊಳಗಿನ ರಿಸೀವರ್ ಹಿಡಿಯುತ್ತದೆ. ಸರ್ವೋ ಎಂಬ ಪುಟ್ಟ ಮೋಟಾರು ಬಾಲದ ಪಟ್ಟಿಗಳನ್ನು ತಿರುಗಿಸುತ್ತದೆ. ಇದಕ್ಕೆ ಹಣ ಬೇಕು, ನಿಜ. ಮನೆಗೊಂದು ಬೇಡ, ಶಾಲೆಗೊಂದು ಸಾಕು. ಎನ್.ಸಿ.ಸಿ. ವಾಯುವಿಭಾಗದ ತರಬೇತಿಯಲ್ಲಿ ಏರೋಮಾಡೆಲಿಂಗ್ ಇದೆ. ಆ ಭಾಗ್ಯ ಹಳ್ಳಿಯ ಮಕ್ಕಳಿಗೂ ಸಿಗಲಿ.

ಎಚ್ಚರಿಕೆಯೂ ಬೇಕು. ವಿದ್ಯುತ್ ತಂತಿ, ರಸ್ತೆ, ಜನಸಂದಣಿಯಿಂದ ದೂರ, ಕೊಯ್ಲಾದ ಹೊಲದಲ್ಲಿ, ಹಿರಿಯರ ಎದುರಿನಲ್ಲೇ ಹಾರಿಸಬೇಕು. ಮಾದರಿ ವಿಮಾನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕೆಂದು 2021ರ ಡ್ರೋನ್ ನಿಯಮಗಳೂ ಹೇಳುತ್ತವೆ.

ಪೋಷಕರಲ್ಲಿ ಒಂದು ವಿನಂತಿ. ವಿಮಾನ ಮುರಿದುಕೊಂಡು ಮನೆಗೆ ಬಂದ ಮಗುವನ್ನು ಗದರಿಸಬೇಡಿ; "ಯಾಕೆ ಬಿತ್ತು?" ಎಂದು ಕೇಳಿ. ಆ ಉತ್ತರವನ್ನು ತಾನೇ ಹುಡುಕುವ ಮಗು ಓದಿನಲ್ಲೂ ಹಿಂದೆ ಬೀಳದು.