‘ಕಂಪನಿ ಗ್ರೀನ್ ಕಾರ್ಡ್ ಹಾಕ್ತದಂತ’

ಧಾರವಾಡ, ವಿಜಯಪುರದ ಕಡೆಯಿಂದ ಬಂದು ಪುಣೆಯ ಕೋಥ್ರೂಡ್, ವಾಕಡ್‌ಗಳಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಈ ಮಾತು ವರ್ಷಕ್ಕೆ ಎರಡು ಸಲವಾದರೂ ಕಿವಿಗೆ ಬೀಳುತ್ತದೆ: ‘ಹುಡುಗ ಅಮೆರಿಕಾಕ್ಕ ಹೊಂಟಾನ. ಕಂಪನಿ ಗ್ರೀನ್ ಕಾರ್ಡ್ ಹಾಕ್ತದಂತ.’ ಹೇಳುವವರ ದನಿಯಲ್ಲಿ ನಿಶ್ಚಿತಾರ್ಥ ಮುಗಿದಷ್ಟು ಸಮಾಧಾನ. ಕಳೆದ ತಿಂಗಳು ನನ್ನ ಅಕ್ಕನೂ ಇದನ್ನೇ ಹೇಳಿದಳು. ಮಗ ಹಿಂಜವಡಿಯ ಕಂಪನಿಯೊಂದರಲ್ಲಿ ಏಳು ವರ್ಷದಿಂದ ಇದ್ದಾನೆ. ಈಗ ಅವನನ್ನು ಎಲ್-1ಬಿ ವೀಸಾದ ಮೇಲೆ ಕಳಿಸುತ್ತಾರಂತೆ. ‘ಮುಂದ ಅವರೇ ಎಲ್ಲಾ ಮಾಡ್ತಾರ’ ಅಂದಳು.

ನನ್ನ ತಕರಾರು ಆ ‘ಹಾಕ್ತದ’ ಎನ್ನುವ ಮಾತಿನ ಮೇಲೇ. ಭಿಕ್ಷೆ ಹಾಕುತ್ತಾರೆ, ಎತ್ತಿಗೆ ಮೇವು ಹಾಕುತ್ತಾರೆ, ಮೂಗುದಾರವನ್ನೂ ಹಾಕುತ್ತಾರೆ. ಇದು ಯಾವ ಬಗೆಯ ಹಾಕುವಿಕೆ ಎಂದು ವಿಮಾನ ಹತ್ತುವ ಮುಂಚೆ ನಮ್ಮ ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಕೇಳಿದವನನ್ನು ಅಪಶಕುನ ನುಡಿದವನಂತೆ ನೋಡುತ್ತಾರೆ. ಆ ಹೆಸರು ನನಗೆ ಬಂದರೆ ಬರಲಿ.

ಮೊದಲು ಇದರ ಕಾಗದಪತ್ರ ನೋಡೋಣ. ನೌಕರಿಯ ದಾರಿಯಲ್ಲಿ ಅಮೆರಿಕದ ಕಾಯಂ ವಾಸ ಸಿಗಬೇಕಾದರೆ ಸಾಮಾನ್ಯವಾಗಿ ಮೂರು ಹಂತ. ಈ ಕೆಲಸಕ್ಕೆ ಅರ್ಹ ಅಮೆರಿಕನ್ ಸಿಗಲಿಲ್ಲ ಎಂದು ಕಾರ್ಮಿಕ ಇಲಾಖೆಯ ಮುಂದೆ ಕಂಪನಿ ತೋರಿಸಬೇಕು; 2005ರಿಂದ ಈ ಅರ್ಜಿಗೆ ಪರ್ಮ್ ಎಂದು ಹೆಸರು. ಆಮೇಲೆ ಐ-140 ಎಂಬ ಮನವಿ. ಕೊನೆಗೆ ಸರದಿ ಬಂದಾಗ ನೌಕರನ ಸ್ವಂತ ಅರ್ಜಿ. ಮೊದಲ ಎರಡರಲ್ಲೂ ಅರ್ಜಿದಾರ ಕಂಪನಿಯೇ, ನೌಕರ ಅಲ್ಲ. ಯಾರ ಬಾಳು ಅದರಲ್ಲಿದೆಯೋ ಅವನಿಗೇ ಐ-140ರ ಮಂಜೂರಾತಿಯ ಪ್ರತಿ ಕೊಡದ ಕಂಪನಿಗಳಿವೆ. ಅವನು ಮಾಹಿತಿ ಹಕ್ಕಿನ ಕಾನೂನು ಹಿಡಿದು ಸರ್ಕಾರದಿಂದ ಅದನ್ನು ತರಿಸಿಕೊಳ್ಳಬೇಕು.

ಪರ್ಮ್ ಅರ್ಜಿ ಸಲ್ಲಿಕೆಯಾದ ದಿನವೇ ಸಾಲಿನಲ್ಲಿ ನಿಮ್ಮ ಜಾಗ. ಸಾಲು ಎಷ್ಟು ಉದ್ದ? 1990ರ ಕಾನೂನು ನೌಕರಿಯ ದಾರಿಗೆ ವರ್ಷಕ್ಕೆ ಸುಮಾರು 1,40,000 ಕಾರ್ಡು ಇಟ್ಟಿತು, ಅದರಲ್ಲೇ ಹೆಂಡತಿ ಮಕ್ಕಳ ಲೆಕ್ಕವೂ ಸೇರಿ. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿ. ಬೇರೆಯವರು ಬಳಸದೆ ಬಿಟ್ಟರೆ ಮಾತ್ರ ಅದರ ಮೇಲೆ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. 2025ರ ಮಧ್ಯದಲ್ಲಿ, ಸ್ನಾತಕೋತ್ತರ ಪದವೀಧರರ ವರ್ಗದಲ್ಲಿ ಕಾರ್ಡು ಸಿಗುತ್ತಿದ್ದದ್ದು 2013ರ ಜನವರಿಗೆ ಮುಂಚೆ ಸಾಲು ಸೇರಿದ ಭಾರತೀಯರಿಗೆ. ಹಿಂದೆ ನಿಂತವರ ಸಂಖ್ಯೆ ನೋಡಿದರೆ ಈಗ ಸೇರುವವರಿಗೆ ಹನ್ನೆರಡು ವರ್ಷವೂ ಸಾಲದು. ಆರು ವರ್ಷದ ಮಗಳನ್ನು ಕರೆದುಕೊಂಡು ಹೋದವನು ಕಾಯುತ್ತಿರುವಾಗಲೇ ಆಕೆಗೆ 21 ತುಂಬಬಹುದು. ತುಂಬಿದರೆ ಅಪ್ಪನ ವೀಸಾದ ನೆರಳು ಆಕೆಗಿಲ್ಲ. ಬೆಳೆದ ಊರಿನಲ್ಲೇ ಆಕೆ ವಿದ್ಯಾರ್ಥಿ ವೀಸಾ ಹುಡುಕಬೇಕು, ಇಲ್ಲವೇ ನೆನಪೇ ಇಲ್ಲದ ದೇಶಕ್ಕೆ ಮರಳಬೇಕು.

ಇದಕ್ಕೆಲ್ಲ ಅಮೆರಿಕದ ಸಂಸತ್ತನ್ನು ಬಯ್ಯುವುದು ಸುಲಭ, ಬಯ್ಯಬೇಕು ಕೂಡ. ದೇಶವಾರು ಮಿತಿ ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ ಪಾಸಾಯಿತು, 2020ರ ಡಿಸೆಂಬರಿನಲ್ಲಿ ಸೆನೆಟ್ ಅದರ ಬೇರೆಯದೇ ರೂಪವನ್ನು ಪಾಸು ಮಾಡಿತು, ಎರಡೂ ಕೂಡಲಿಲ್ಲ, ಮಸೂದೆ ಸತ್ತಿತು. ಆದರೆ ಸಾಲು ಉದ್ದವಿದ್ದಷ್ಟೂ ಲಾಭವಾಗುವವರು ಯಾರು ಎಂಬುದು ನನ್ನ ಪ್ರಶ್ನೆ. ಐ-140 ಆಗುವ ಮುಂಚೆ ನೌಕರಿ ಬಿಟ್ಟರೆ ಎಲ್ಲವೂ ಸೊನ್ನೆಯಿಂದ. ಆದ ಮೇಲೆ ಬಿಟ್ಟರೆ ಸಾಲಿನ ಜಾಗ ಉಳಿಯುತ್ತದೆ, ಆದರೆ ಹೊಸ ಕಂಪನಿ ಜಾಹೀರಾತಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಬೇಕು. ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಅವಕಾಶ. ಇಂಥ ನೌಕರ ಸಂಬಳ ಹೆಚ್ಚಿಸಿ ಎಂದು ಮೇಜು ಕುಟ್ಟುತ್ತಾನೆಯೇ? ಅವನು ಬಿಟ್ಟುಹೋಗಲಾರ ಎನ್ನುವುದು ಮ್ಯಾನೇಜರನಿಗೂ ಗೊತ್ತು, ಅವನಿಗೂ ಗೊತ್ತು.

ಕಂಪನಿ ಖರ್ಚು ಮಾಡುತ್ತದಲ್ಲ, ಕಟ್ಟಿಹಾಕಿದರೆ ತಪ್ಪೇನು ಎಂದು ಅಕ್ಕನ ಗಂಡ ಕೇಳಿದರು. ಪರ್ಮ್ ಹಂತದ ವಕೀಲರ ಫೀಯನ್ನು ಉದ್ಯೋಗದಾತನೇ ಕೊಡಬೇಕು, ನೌಕರನಿಂದ ವಸೂಲು ಮಾಡಬಾರದು ಎಂದು 2007ರಿಂದ ನಿಯಮವೇ ಇದೆ. ಅದು ಉಪಕಾರವಲ್ಲ. ಕೊಟ್ಟ ದುಡ್ಡಿಗೆ ಹತ್ತು ವರ್ಷ ಅಲುಗಾಡದ ನೌಕರ ಸಿಕ್ಕರೆ ಯಾವ ಮಾಲೀಕನಿಗೆ ನಷ್ಟ? ನಮ್ಮ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರಿಗೆ ಮುಕಾದಮ ಕೊಡುವ ಮುಂಗಡಕ್ಕೆ ಉಚಲ್ ಎನ್ನುತ್ತಾರೆ. ಹಂಗಾಮು ಮುಗಿಯುವ ತನಕ ಆ ಗ್ಯಾಂಗು ಬೇರೆ ಕಾರ್ಖಾನೆಯ ಕಡೆ ತಿರುಗಿ ನೋಡುವ ಹಾಗಿಲ್ಲ. ಡಾಲರಿನಲ್ಲಿ ಸಂಬಳ ಎಣಿಸುವವನನ್ನು ಅವರ ಜೊತೆ ಕೂರಿಸಿದರೆ ಕಬ್ಬು ಕಡಿಯುವವರಿಗೆ ಅವಮಾನ, ಒಪ್ಪುತ್ತೇನೆ. ಇದನ್ನು ಜೀತ ಎನ್ನಲಾರೆ. ಆದರೆ ಮುಂಗಡದ ತರ್ಕ ಅದೇ.

ಈ ವ್ಯವಸ್ಥೆ ಅಮೆರಿಕನ್ನರನ್ನಾದರೂ ಕಾಪಾಡುತ್ತದೆಯೇ? ಪರ್ಮ್‌ಗಾಗಿ ಎರಡು ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು ಹಾಕಬೇಕು. ಆ ಕೆಲಸದಲ್ಲಿ ಆಗಲೇ ಒಬ್ಬ ಕೂತಿದ್ದಾನೆ ಎಂಬುದು ಎಲ್ಲರಿಗೂ ಗೊತ್ತು. ಇಂಥ ಹುದ್ದೆಗಳಿಗೆ ಅರ್ಜಿಯನ್ನು ಅಂಚೆಯಲ್ಲೇ ಕಳಿಸಬೇಕೆಂದು ಷರತ್ತು ಹಾಕಿ ಅಮೆರಿಕನ್ನರನ್ನು ದೂರವಿಟ್ಟ ಆರೋಪದ ಮೇಲೆ ಫೇಸ್‌ಬುಕ್ 2021ರಲ್ಲಿ 1.4 ಕೋಟಿ ಡಾಲರಿಗೂ ಮೇಲೆ, ಆ್ಯಪಲ್ 2023ರಲ್ಲಿ 2.5 ಕೋಟಿ ಡಾಲರಿನಷ್ಟು ಕೊಡುವುದಕ್ಕೆ ಒಪ್ಪಿ ಸರ್ಕಾರದೊಂದಿಗೆ ರಾಜಿ ಮಾಡಿಕೊಂಡವು. ಅತ್ತ ಅಮೆರಿಕನ್ನನಿಗೆ ಮೋಸ, ಇತ್ತ ನಮ್ಮವನಿಗೆ ಹಗ್ಗ. ಬಯ್ಗುಳ ಮಾತ್ರ ನಮ್ಮ ಹುಡುಗರಿಗೆ.

ಇನ್ನು ಪುಣೆಯ ವಿಷಯ. ಇಲ್ಲಿಂದ ಹೋಗುವ ಬಹಳ ಮಂದಿಯದು ಎಚ್-1ಬಿ ಅಲ್ಲ, ಕಂಪನಿಯೊಳಗಿನ ವರ್ಗಾವಣೆಯ ಎಲ್-1. ಎಚ್-1ಬಿಯಲ್ಲಿ ಆರು ವರ್ಷ ಮುಗಿದರೂ, ಪರ್ಮ್ ಸಕಾಲದಲ್ಲಿ ಸಲ್ಲಿಕೆಯಾಗಿದ್ದರೆ ಅಥವಾ ಐ-140 ಮಂಜೂರಾಗಿದ್ದರೆ, ವಿಸ್ತರಣೆ ಸಿಗುತ್ತದೆ. ಎಲ್-1ಬಿಗೆ ಆ ಸೌಲಭ್ಯವಿಲ್ಲ. ಐದು ವರ್ಷ, ಮುಗಿಯಿತು. ಆ ವೀಸಾದ ಮೇಲೆ ಬೇರೆ ಕಂಪನಿಗೆ ಹೋಗುವಂತೆಯೂ ಇಲ್ಲ. ಹಾಗಾದರೆ ಹನ್ನೆರಡು ವರ್ಷದ ಸಾಲಿಗೆ ಐದು ವರ್ಷದ ಟಿಕೆಟ್ ಕೊಟ್ಟು ‘ಗ್ರೀನ್ ಕಾರ್ಡ್ ಹಾಕುತ್ತೇವೆ’ ಎನ್ನುವುದಕ್ಕೆ ಏನರ್ಥ? ನಡುವೆ ಎಚ್-1ಬಿ ಲಾಟರಿ ಹೊಡೆಯಬೇಕು, ಹೊಡೆದರೂ ಎಲ್-1ರಲ್ಲಿ ಕಳೆದ ವರ್ಷಗಳು ಆ ಆರರಲ್ಲೇ ಕಳೆಯುತ್ತವೆ. ಪರ್ಮ್ ಬೇಡದ ದಾರಿ ಒಂದಿದೆ, ಬಹುರಾಷ್ಟ್ರೀಯ ಕಂಪನಿಯ ವ್ಯವಸ್ಥಾಪಕರಿಗೆ. ಅದಕ್ಕೆ ಅಮೆರಿಕಕ್ಕೆ ಹೋಗುವ ಮುಂಚಿನ ಮೂರು ವರ್ಷದಲ್ಲಿ ಒಂದು ವರ್ಷವಾದರೂ ಇಲ್ಲಿ ನಿಜವಾಗಿ ವ್ಯವಸ್ಥಾಪಕನಾಗಿ ದುಡಿದಿರಬೇಕು. ಅಂದರೆ ಹುಡುಗನ ಅಮೆರಿಕದ ಭವಿಷ್ಯ ಹಿಂಜವಡಿಯಲ್ಲಿ ಅವನ ಕೈಕೆಳಗೆ ಯಾರಿದ್ದರು ಎಂಬುದರ ಮೇಲೆ ನಿಂತಿರುತ್ತದೆ. ಇದನ್ನು ಎಚ್‌ಆರ್‌ನವರು ಹೊರಡುವ ಮುಂಚೆ ಹೇಳಿದ್ದನ್ನು ನಾನು ಕೇಳಿಲ್ಲ.

ಒಬ್ಬ ಮನುಷ್ಯನ ಮೇಲೆ ಇಡೀ ಮನೆಯ ವಾಸದ ಹಕ್ಕು ನೇತುಹಾಕುವುದರ ಕೊನೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2017ರ ಫೆಬ್ರವರಿಯಲ್ಲಿ ಕಂಡೆವು. ಕ್ಯಾನ್ಸಸ್‌ನ ಒಲೇಥದಲ್ಲಿ ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲರನ್ನು ದ್ವೇಷ ತುಂಬಿದವನೊಬ್ಬ ಗುಂಡಿಟ್ಟು ಕೊಂದ. ಅವರ ಹೆಂಡತಿ ಸುನಯನಾ ದುಮಾಲ ಅಂತ್ಯಕ್ರಿಯೆಗೆ ಭಾರತಕ್ಕೆ ಬಂದರು. ಗಂಡನ ವೀಸಾ ಅವರೊಂದಿಗೇ ಮುಗಿದಿದ್ದರಿಂದ ಸ್ವಂತ ಮನೆಗೆ ಮರಳಲು ಅವರಿಗೆ ಹಕ್ಕಿರಲಿಲ್ಲ. ಸಂಸದರೊಬ್ಬರು ಮುತುವರ್ಜಿ ವಹಿಸಿ ತಾತ್ಕಾಲಿಕ ವೀಸಾ ಕೊಡಿಸಬೇಕಾಯಿತು. ವರ್ಷಗಟ್ಟಲೆ ಅಲ್ಲಿ ಬಾಳಿದ ಹೆಂಗಸಿನ ಸ್ಥಿತಿ ಇದು.

ವಾಸದ ಹಕ್ಕು ವಾಸದಿಂದ ಹುಟ್ಟಬೇಕು, ಮಾಲೀಕನ ಸಹಿಯಿಂದಲ್ಲ. ಇದೇನು ಹೊಸ ತತ್ವವಲ್ಲ. ಕನ್ನಡಿಗನಾದ ನಾನು ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರ ಪಡೆದೆ. 15 ವರ್ಷ ಇಲ್ಲಿದ್ದದ್ದಕ್ಕೆ ಶಾಲೆಯ ದಾಖಲೆ, ಲೈಟ್ ಬಿಲ್ಲು ಕೇಳಿದರು. ಅದಕ್ಕಾಗಿ ಓಡಾಡಿ ಚಪ್ಪಲಿ ಸವೆಯಿತು ನಿಜ, ಆದರೆ ನನ್ನ ಸಾಹೇಬರ ಕೃಪೆ ಬೇಕಾಗಲಿಲ್ಲ. ಜರ್ಮನಿಯ ಬ್ಲೂ ಕಾರ್ಡಿನವನು 27 ತಿಂಗಳಿಗೆ, ಭಾಷೆ ಇನ್ನಷ್ಟು ಚೆನ್ನಾಗಿ ಕಲಿತಿದ್ದರೆ 21 ತಿಂಗಳಿಗೆ, ಕಾಯಂ ವಾಸಕ್ಕೆ ತಾನೇ ಅರ್ಜಿ ಹಾಕುತ್ತಾನೆ. ಫರ್ಗ್ಯುಸನ್ ಕಾಲೇಜ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಜರ್ಮನ್ ಕಲಿಯುವ ಪುಣೆಯ ಹುಡುಗರಿಗೆ ಈ ಲೆಕ್ಕ ಗೊತ್ತು. ಕೆನಡಾ ಅಂತೂ ಉದ್ಯೋಗದಾತರ ಪತ್ರಕ್ಕೆ ಕೊಡುತ್ತಿದ್ದ ಹೆಚ್ಚುವರಿ ಅಂಕಗಳನ್ನೇ 2025ರ ಮಾರ್ಚಿನಲ್ಲಿ ತೆಗೆದುಹಾಕಿತು. ಆ ಪತ್ರಗಳು ಮಾರಾಟಕ್ಕೆ ಬಿದ್ದಿದ್ದವು. ಹಕ್ಕಿನ ಬೀಗದ ಕೈ ಮಾಲೀಕನ ಜೇಬಿನಲ್ಲಿಟ್ಟರೆ ಆಗುವುದು ಅದೇ.

ಅಮೆರಿಕದ ಕಾನೂನು ನಾವು ಬದಲಿಸಲಾರೆವು. ಇಲ್ಲಿ ಸಹಿ ಹಾಕುವ ಮುಂಚೆ ಬಾಯಿ ತೆರೆಯಬಹುದು. ಪರ್ಮ್ ಯಾವ ತಿಂಗಳು ಶುರು ಮಾಡುತ್ತೀರಿ? ‘ಎರಡು ವರ್ಷದ ಸಾಧನೆ ನೋಡಿ’ ಎಂದರೆ ಸಾಲಿನಲ್ಲಿ ಎರಡು ವರ್ಷ ಹಿಂದೆ ಎಂದೇ ಅರ್ಥ. ಅರ್ಜಿ ಸಿದ್ಧವಾಗಿ ಇಲಾಖೆಯಿಂದ ಹೊರಬೀಳಲು ಹಿಡಿಯುವ ಸಮಯ ಬೇರೆ. ಐ-140ರ ಪ್ರತಿ ಕೊಡುತ್ತೀರಾ? ನಾನು ಬಿಟ್ಟರೆ ಅದನ್ನು ಹಿಂದಕ್ಕೆ ಪಡೆಯುತ್ತೀರಾ? ಮಂಜೂರಾಗಿ 180 ದಿನ ದಾಟುವ ಮುಂಚೆ ಹಿಂದಕ್ಕೆ ಪಡೆದರೆ ಆಗುವ ಪೆಟ್ಟು ಬೇರೆ, ಆಮೇಲಿನದು ಬೇರೆ. ಎಲ್-1ಬಿಯ ಐದನೇ ವರ್ಷದಲ್ಲಿ ನನ್ನನ್ನು ಏನು ಮಾಡುತ್ತೀರಿ? ಉತ್ತರ ಬರಹದಲ್ಲಿ ಬೇಕು.

ಅಳಿಯ ಈ ಪ್ರಶ್ನೆಗಳನ್ನೇ ಮೇಲ್ ಮಾಡಿದ. ‘ಕಂಪನಿಯ ನೀತಿಯ ಪ್ರಕಾರ ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು’ ಎಂದು ಒಂದು ಸಾಲಿನ ಉತ್ತರ ಬಂತು. ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದಾಳೆ. ಅವನು ಇನ್ನೂ ಸಹಿ ಹಾಕಿಲ್ಲ. ಶುಕ್ರವಾರದ ತನಕ ಸಮಯ ಕೊಟ್ಟಿದ್ದಾರೆ.