ಹೆಸರಿಲ್ಲದ ಯಂತ್ರ, ಹೊಣೆ ಮಾತ್ರ ಕಾರ್ಮಿಕನದು

ಕಾರ್ಖಾನೆಯಲ್ಲಿ ಯಂತ್ರ ನಿಂತರೆ ಮೊದಲು ಬೈಗುಳ ತಿನ್ನುವವನು ಪಾಳಿಯ ಎಲೆಕ್ಟ್ರಿಷಿಯನ್. ಉತ್ಪಾದನೆ ನಿಂತ ಪ್ರತಿಯೊಂದು ನಿಮಿಷದ ಲೆಕ್ಕವನ್ನೂ ಅವನ ಮುಖದ ಮುಂದೆ ಓದಲಾಗುತ್ತದೆ. ಆದರೆ ಆ ಯಂತ್ರವನ್ನು ನಡೆಸುವ ಪ್ರೋಗ್ರಾಮನ್ನು ಅವನು ಓದಬಲ್ಲ ರೀತಿಯಲ್ಲಿ ಅವನ ಕೈಗೆ ಕೊಟ್ಟಿದ್ದಾರೆಯೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಬಹಿರಂಗವಾಗಿ ಕೇಳುವ ಕಾಲ ಬಂದಿದೆ.

ವಿಷಯ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಸಾಗಿಸುವ ಕ್ಯಾರಿಯರ್, ಸಿಮೆಂಟ್ ಕಾರ್ಖಾನೆಯ ಬೆಲ್ಟು, ಊರಿಗೆ ನೀರು ಕೊಡುವ ಶುದ್ಧೀಕರಣ ಘಟಕದ ಪಂಪು, ಇಂಥವನ್ನೆಲ್ಲ ಇಂದು ನಡೆಸುವುದು ಪ್ಯಾನೆಲ್ಲಿನೊಳಗೆ ಕೂತಿರುವ ಪಿ.ಎಲ್.ಸಿ. ಎಂಬ ಕಂಟ್ರೋಲರು. ಸ್ವಿಚ್ಚು, ಸೆನ್ಸರುಗಳಿಂದ ಬರುವ ಸಂಕೇತಗಳನ್ನು ಅದು ಓದುತ್ತದೆ. ಪ್ರೋಗ್ರಾಮಿನಲ್ಲಿ ಬರೆದಂತೆ ಮೋಟಾರು, ವಾಲ್ವುಗಳಿಗೆ ಅಪ್ಪಣೆ ಕೊಡುತ್ತದೆ. ಒಂದೊಂದು ಸಂಕೇತಕ್ಕೂ ಒಂದೊಂದು ವಿಳಾಸ ಇರುತ್ತದೆ. ಆ ವಿಳಾಸಕ್ಕೆ ಮನುಷ್ಯನಿಗೆ ತಿಳಿಯುವ ಹೆಸರನ್ನೂ, ಅದು ಏನೆಂಬ ವಿವರಣೆಯನ್ನೂ ಪ್ರೋಗ್ರಾಂ ಬರೆದವನೇ ಬರೆದಿಡಬೇಕು. ಬರೆಯದಿದ್ದರೂ ಯಂತ್ರ ಓಡುತ್ತದೆ. ಅನ್ಯಾಯ ನುಸುಳುವುದು ಇಲ್ಲಿಯೇ.

ನಡುರಾತ್ರಿ ಕ್ಯಾರಿಯರ್ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಲ್ಯಾಪ್‌ಟಾಪ್ ಜೋಡಿಸಿ ನೋಡುತ್ತಾನೆ. ಮೋಟಾರಿನ ಸಾಲಿನಲ್ಲಿ ಮೂರು ವಿಳಾಸಗಳು: ಐ:1/4, ಬಿ3:0/7, ಬಿ3:2/11. ಇಷ್ಟೇ. ಅವುಗಳ ಮೇಲೆ "ಗೇರ್‌ಬಾಕ್ಸಿನ ಎಣ್ಣೆ ಒತ್ತಡ ಸರಿ", "ತುರ್ತು ಹಗ್ಗ ಎಳೆದಿಲ್ಲ", "ಮುಂದಿನ ಮಿಲ್ಲು ಓಡುತ್ತಿದೆ" ಎಂದು ಬರೆದಿದ್ದರೆ ಐದು ನಿಮಿಷದಲ್ಲಿ ಕಾರಣ ಸಿಗುತ್ತಿತ್ತು. ಮೊದಲನೆಯದು ಹೊರಗಿನಿಂದ ಬರುವ ಸಂಕೇತ. ತಂತಿಯ ನಂಬರು ಹಿಡಿದು ಹೋದರೆ ಅದರ ಸ್ವಿಚ್ಚು ಸಿಕ್ಕೀತು. ಉಳಿದೆರಡಕ್ಕೆ ತಂತಿಯೇ ಇಲ್ಲ. ಅವು ಪ್ರೋಗ್ರಾಮಿನ ಒಳಗೇ ಹುಟ್ಟಿದವು. ನೂರಾರು ಸಾಲುಗಳಲ್ಲಿ ಅವು ಎಲ್ಲಿ ಹುಟ್ಟಿದವೆಂದು ಹುಡುಕಬೇಕು. ಹುಡುಕಿದಲ್ಲಿ ಮತ್ತೆ ಹೆಸರಿಲ್ಲದ ಇನ್ನೈದು ವಿಳಾಸಗಳು ಎದುರಾಗುತ್ತವೆ.

ಅಷ್ಟರಲ್ಲಿ ಮೇಲಿನವರಿಂದ ಫೋನು: "ಏನಾದರೂ ಮಾಡು, ಮೊದಲು ಓಡಿಸು." ಆಗ ನಡೆಯುವುದೇನೆಂದು ದುಡಿಯುವವರಿಗೆಲ್ಲ ಗೊತ್ತು. ಸಂಕೇತವನ್ನು ಫೋರ್ಸ್ ಮಾಡುತ್ತಾರೆ, ಇಲ್ಲವೆ ಬೈಪಾಸ್ ಹಾಕುತ್ತಾರೆ. ಯಂತ್ರ ಓಡುತ್ತದೆ. ಬೈಪಾಸಾದ ಆ ವಿಳಾಸ, ಬೆಲ್ಟಿನ ಬಳಿ ಕೆಲಸ ಮಾಡುವ ಗುತ್ತಿಗೆ ಕಾರ್ಮಿಕ ಜೀವ ಉಳಿಸಿಕೊಳ್ಳಲು ಎಳೆಯಬೇಕಾದ ಹಗ್ಗದ್ದೇ ಆಗಿದ್ದರೆ? ನಾಳೆ ಅವನ ಕೈ ಹೋದರೆ ತನಿಖೆಯ ವರದಿಯಲ್ಲಿ ಏನು ಬರೆಯುತ್ತಾರೆ? "ಕಾರ್ಮಿಕನ ಅಜಾಗರೂಕತೆ" ಎಂದು. ಹೆಸರು ಬರೆಯದೆ ಹೋದವನ ಹೆಸರು ಆ ವರದಿಯಲ್ಲಿ ಎಲ್ಲಿಯೂ ಇರುವುದಿಲ್ಲ!

ಈ ಯಂತ್ರದ ಚರಿತ್ರೆಯನ್ನು ನೋಡಿದರೆ ಈ ಅನ್ಯಾಯ ಇನ್ನೂ ಸ್ಪಷ್ಟವಾಗುತ್ತದೆ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಮ್ಯಾಟಿಕ್ ವಿಭಾಗ, ರಿಲೇಗಳಿಂದ ತುಂಬಿದ ದೊಡ್ಡ ಪ್ಯಾನೆಲ್ಲುಗಳ ಬದಲಿಗೆ ಬೇರೊಂದು ಸಾಧನ ಬೇಕೆಂದು ಕೇಳಿತು. ಡಿಕ್ ಮಾರ್ಲೆ ಮತ್ತು ಅವರ ಸಂಗಡಿಗರು ರೂಪಿಸಿದ ಮಾಡಿಕಾನ್ 084 ಹೀಗೆ ಬಂತು. ಅದರ ಪ್ರೋಗ್ರಾಮನ್ನು ಏಣಿಯಂಥ ಚಿತ್ರದಲ್ಲಿ, ಅಂದರೆ ಲ್ಯಾಡರಿನಲ್ಲಿ ಬರೆಯುವಂತೆ ಮಾಡಿದ್ದೇಕೆ? ರಿಲೇ ನಕ್ಷೆ ಓದಿ ಬಲ್ಲ ಎಲೆಕ್ಟ್ರಿಷಿಯನ್ನನಿಗೆ ಅದು ಅರ್ಥವಾಗಲೆಂದು. ಎಂದರೆ ಕಾರ್ಮಿಕನ ಕಣ್ಣಿಗೆ ಹೊಂದುವಂತೆ ಮಾಡಿದ ಭಾಷೆ ಅದು. ರಿಲೇ ಕಾಲದಲ್ಲಿ ಪ್ರತಿ ತಂತಿಗೂ ನಂಬರಿನ ಫೆರೂಲ್ ಇರುತ್ತಿತ್ತು. ನಕ್ಷೆಯನ್ನು ಪ್ಯಾನೆಲ್ ಬಾಗಿಲಿನ ಒಳಗೇ ಇಡುವ ಪದ್ಧತಿ ಇತ್ತು. ಏಣಿಯನ್ನು ಉಳಿಸಿಕೊಂಡು ಅದರ ಮೆಟ್ಟಿಲುಗಳನ್ನು ಕಿತ್ತುಕೊಂಡವರನ್ನು ನಾವು ಏನೆಂದು ಕರೆಯಬೇಕು?

"ಕಂಟ್ರೋಲರಿನಲ್ಲಿ ಜಾಗವಿಲ್ಲ, ಆದ್ದರಿಂದ ವಿವರಣೆ ಇಲ್ಲ" ಎಂಬುದು ಹಳೆಯ ಸಮಜಾಯಿಷಿ. ಒಂದು ಕಾಲಕ್ಕೆ ಇದರಲ್ಲಿ ಅರ್ಧ ಸತ್ಯವಿತ್ತು. ಅಲೆನ್-ಬ್ರ್ಯಾಡ್ಲಿಯ ಎಸ್.ಎಲ್.ಸಿ. 500, ಸೀಮೆನ್ಸಿನ ಎಸ್7-300ರಂಥ ಕಂಟ್ರೋಲರುಗಳಲ್ಲಿ ಹೆಸರು, ಟಿಪ್ಪಣಿಗಳು ಉಳಿಯುತ್ತಿದ್ದುದು ಪ್ರೋಗ್ರಾಂ ಬರೆದವನ ಕಂಪ್ಯೂಟರಿನ ಫೈಲಿನಲ್ಲಿ. ಆ ಫೈಲಿಲ್ಲದೆ ಕಂಟ್ರೋಲರಿನಿಂದ ಪ್ರೋಗ್ರಾಮನ್ನು ಮರಳಿ ಎತ್ತಿಕೊಂಡರೆ ಬರುವುದು ಬರೀ ಎಲುಬಿನ ಹಂದರ. ಹಾಗಾದರೆ ಆ ಫೈಲನ್ನು ಕಾರ್ಖಾನೆಗೆ ಒಪ್ಪಿಸಲು ಇದ್ದ ಅಡ್ಡಿಯೇನು? ಕಂಟ್ರೋಲರಿನಲ್ಲಿ ಜಾಗವಿರಲಿಲ್ಲ, ಸರಿ. ಕಾರ್ಖಾನೆಯ ಕಪಾಟಿನಲ್ಲಿಯೂ ಜಾಗವಿರಲಿಲ್ಲವೆ? ಈಗಂತೂ ಆ ನೆಪವೂ ಉಳಿದಿಲ್ಲ. ಸೀಮೆನ್ಸಿನ ಎಸ್7-1500ರಲ್ಲಿ, ಲಾಜಿಕ್ಸ್ ಕಂಟ್ರೋಲರುಗಳ 21ನೆಯ ಆವೃತ್ತಿಯಿಂದೀಚೆಗೆ, ವಿವರಣೆಗಳನ್ನು ಕಂಟ್ರೋಲರಿನೊಳಗೇ ಇಡಬಹುದು. ಆದರೆ ಬರೆಯದೆ ಇರುವುದನ್ನು ಯಾವ ಯಂತ್ರ ತಾನೆ ನೆನಪಿಟ್ಟುಕೊಂಡೀತು?

ಎರಡನೆಯ ಸಮಜಾಯಿಷಿ, "ಇದು ನಮ್ಮ ವ್ಯಾಪಾರದ ಗುಟ್ಟು" ಎಂಬುದು. "ಮೂರನೆಯ ಪಂಪಿನ ಓವರ್‌ಲೋಡ್" ಎಂಬ ಬರಹದಲ್ಲಿ ಇರುವ ಗುಟ್ಟಾದರೂ ಏನು? ನಿಜವಾದ ಗುಟ್ಟು ಬೇರೆಯೇ ಇದೆ. ಹೆಸರು ಅಳಿಸಿದ, ಪಾಸ್‌ವರ್ಡ್ ಹಾಕಿದ ಪ್ರೋಗ್ರಾಂ ಇದ್ದರೆ ಪ್ರತಿ ಸಣ್ಣ ದುರಸ್ತಿಗೂ ಅದೇ ಕಂಪನಿಯ ಮನುಷ್ಯನನ್ನೇ ಕರೆಸಬೇಕು; ಅವನ ಭತ್ಯೆ, ಪ್ರಯಾಣ, ಲಾಜಿನ ಖರ್ಚು ಕೊಡಬೇಕು. ಹಿಂದೆ ನಮ್ಮ ಹಳ್ಳಿಗಳಲ್ಲಿ ಶಾನುಭೋಗನ ಕಡತವನ್ನು ಶಾನುಭೋಗನೇ ಓದಬೇಕಿತ್ತು. ಜಮೀನು ರೈತನದು, ಅದರ ಅರ್ಥ ಶಾನುಭೋಗನದು. ಆ ವಂಶಪಾರಂಪರ್ಯದ ಅಧಿಕಾರವನ್ನು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ತೆಗೆದುಹಾಕಿತು. ಅದೇ ದರ್ಬಾರು ಈಗ ಕಾರ್ಖಾನೆಯ ಪ್ಯಾನೆಲ್ಲಿನೊಳಗೆ ಮರಳಿ ಬಂದಿದೆ.

ಪ್ರೋಗ್ರಾಂ ಬರೆಯುವ ಹುಡುಗನನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವನೂ ಸಂಬಳದ ಕಾರ್ಮಿಕನೇ. ಕಡಿಮೆ ದರ ಹೇಳಿದವನಿಗೆ ಗುತ್ತಿಗೆ. ಆ ದರದಲ್ಲಿ ವಿವರಣೆ ಬರೆಯಲು ಒಂದು ದಿನದ ಕೂಲಿಯನ್ನೂ ಇಟ್ಟಿರುವುದಿಲ್ಲ. ಉದ್ಘಾಟನೆಯ ದಿನ ಗೊತ್ತಾಗಿರುತ್ತದೆ, ಹುಡುಗ ಎರಡು ರಾತ್ರಿ ನಿದ್ದೆಗೆಟ್ಟು ಯಂತ್ರ ಓಡಿಸುತ್ತಾನೆ, ಮೂರನೆಯ ದಿನ ಅವನನ್ನು ಬೇರೆ ಊರಿಗೆ ಅಟ್ಟುತ್ತಾರೆ. ಉಳಿಸಿದ ಕೂಲಿ ಗುತ್ತಿಗೆದಾರನ ಜೇಬಿಗೆ, ಉಳಿದ ಕಷ್ಟ ಪಾಳಿಯ ಎಲೆಕ್ಟ್ರಿಷಿಯನ್ನನ ತಲೆಗೆ. ಇಬ್ಬರು ದುಡಿಯುವವರ ನಡುವೆ ಜಗಳ ಹಚ್ಚಿ ಮಾಲೀಕ ಪಾರಾಗುವುದು ಹೊಸತೇನಲ್ಲ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿಸಿದ 7ಬಿ ಕಲಂ, ಕಾರ್ಖಾನೆಗೆ ಸಾಧನ ಸರಬರಾಜು ಮಾಡುವವರು ಅದರ ಸುರಕ್ಷಿತ ಬಳಕೆಗೆ ಬೇಕಾದಷ್ಟು ಮಾಹಿತಿ ದೊರೆಯುವಂತೆ ಮಾಡಬೇಕೆಂದು ವಿಧಿಸಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸುರಕ್ಷತಾ ಸಂಹಿತೆಯಲ್ಲೂ ವಿನ್ಯಾಸಕಾರ, ತಯಾರಕ, ಆಮದುದಾರ, ಸರಬರಾಜುದಾರರ ಮೇಲೆ ಹೊಣೆ ಹೊರಿಸಲಾಗಿದೆ. ಯಂತ್ರವನ್ನು ಯಾವ ಸ್ಥಿತಿಯಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವ ಪ್ರೋಗ್ರಾಂ ಸುರಕ್ಷತೆಯ ಮಾಹಿತಿಯಲ್ಲವಾದರೆ ಮತ್ತೇನು? ಇನ್ನು 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿನ ಬಗೆಗೆ ಒಂದು ಸಮಿತಿ ನೇಮಿಸಿತು. ಅದು ಆರಿಸಿಕೊಂಡ ಕ್ಷೇತ್ರಗಳು ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು ಮತ್ತು ವಾಹನ. ಕೊಳ್ಳುವವನ ಮೊಬೈಲಿಗೆ ದುರಸ್ತಿಯ ಹಕ್ಕು ಬೇಕು, ಒಳ್ಳೆಯದೇ. ಸಾವಿರ ಜನ ದುಡಿಯುವ ಕಾರ್ಖಾನೆಯ ಯಂತ್ರಕ್ಕೆ ಬೇಡವೆ?

ನಮ್ಮ ಬೇಡಿಕೆಗಳು ಸರಳವಾಗಿವೆ. ಒಂದು: ಪ್ರತಿ ವಿಳಾಸಕ್ಕೂ ಹೆಸರು, ವಿವರಣೆ ಬರೆದ ಪೂರ್ಣ ಫೈಲನ್ನು, ಪಾಸ್‌ವರ್ಡ್ ಸಹಿತ, ಒಪ್ಪಿಸುವವರೆಗೆ ಗುತ್ತಿಗೆದಾರನ ಕೊನೆಯ ಬಿಲ್ಲು ಪಾಸಾಗಕೂಡದು. ಎರಡು: ಆ ಬರಹಕ್ಕೆ ತಗಲುವ ದಿನಗಳ ಕೂಲಿಯನ್ನು ಟೆಂಡರಿನಲ್ಲಿಯೇ ಪ್ರತ್ಯೇಕವಾಗಿ ತೋರಿಸಬೇಕು. ಮೂರು: ಮುದ್ರಿಸಿದ ಪ್ರತಿಯೊಂದು ಎಲೆಕ್ಟ್ರಿಷಿಯನ್ನರ ಕೋಣೆಯಲ್ಲಿರಬೇಕು, ಸುರಕ್ಷತೆಗೆ ಸಂಬಂಧಿಸಿದ ವಿಳಾಸಗಳ ಪಟ್ಟಿ ಕನ್ನಡದಲ್ಲಿಯೂ ಇರಬೇಕು. ನಾಲ್ಕು: ಪ್ರೋಗ್ರಾಂ ಬದಲಿಸಿದವರು, ಫೋರ್ಸ್ ಅಥವಾ ಬೈಪಾಸ್ ಹಾಕಿದವರು, ಹಾಕಲು ಹೇಳಿದವರು ಯಾರೆಂದು ದಿನಾಂಕ ಸಹಿತ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಫೋನಿನಲ್ಲಿ ಅಪ್ಪಣೆ ಕೊಟ್ಟವನ ಸಹಿಯೂ ಅಲ್ಲಿ ಬೀಳಬೇಕು.

ಕಾರ್ಮಿಕ ಸಂಘಗಳು ಬೋನಸ್ಸು, ತುಟ್ಟಿಭತ್ಯೆಗಳ ಜತೆಗೆ ಈ ನಾಲ್ಕನ್ನೂ ಬೇಡಿಕೆಯ ಪಟ್ಟಿಗೆ ಸೇರಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಮುಂದಿನ ಸುರಕ್ಷತಾ ಸಮಿತಿಯ ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: "ನಮ್ಮ ಯಂತ್ರದ ಪೂರ್ಣ ಫೈಲು ಎಲ್ಲಿದೆ?" ಉತ್ತರ ಕೊಡಲಾಗದ ಆಡಳಿತ ವರ್ಗಕ್ಕೆ, ಯಂತ್ರ ನಿಂತ ನಿಮಿಷಗಳ ಲೆಕ್ಕವನ್ನು ಕಾರ್ಮಿಕನಿಂದ ಕೇಳುವ ಯಾವ ಅಧಿಕಾರವೂ ಇಲ್ಲ.