ಬೀಗಲ್‌ನೇ ಯಾಕೆ? ಕಚ್ಚಲ್ಲ, ಅದಕ್ಕೆ

(1/6)
ಸ್ವೈಪ್ ಮಾಡೋಕೆ ಮುಂಚೆ ಒಂದು ಪ್ರಶ್ನೆ. ಔಷಧ ಪರೀಕ್ಷೆಗೆ ನಾಯಿ ಬೇಕು ಅಂದಾಗ ಹೆಚ್ಚುಕಮ್ಮಿ ಎಲ್ಲಾ ಲ್ಯಾಬ್‌ಗಳೂ ಬೀಗಲ್ ತಳಿಯನ್ನೇ ಯಾಕೆ ಆರಿಸ್ಕೊಳ್ತವೆ? ಅದರ ಮೈ ನಮ್ಮ ಮೈ ಥರ ಇದೆ ಅಂತ ಅಂದ್ಕೊಂಡ್ರಾ? ಅಲ್ಲ. ಗಾತ್ರ ಚಿಕ್ಕದು, ಕೂದಲು ಗಿಡ್ಡ, ಗುಂಪಲ್ಲಿ ಬಿಟ್ರೆ ಜಗಳ ಕಮ್ಮಿ. ಎಲ್ಲಕ್ಕಿಂತ ಮುಖ್ಯವಾಗಿ, ಕಚ್ಚಲ್ಲ. ನಿನ್ನೆ ಸೂಜಿ ಚುಚ್ಚಿದ ಕೈಯನ್ನೇ ಇವತ್ತು ಬಾಲ ಅಲ್ಲಾಡಿಸ್ಕೊಂಡು ನೆಕ್ಕುತ್ತೆ. ಸಾಧು ಸ್ವಭಾವಕ್ಕೆ ಸಿಕ್ಕ ಬಹುಮಾನ ಪಂಜರ.

(2/6)
ಫಾರ್ಮಸಿ ಓದದವರಿಗಾಗಿ ಸ್ವಲ್ಪ ಹಿನ್ನೆಲೆ. ಹೊಸ ಔಷಧವನ್ನು ಮನುಷ್ಯರಿಗೆ ಕೊಡೋ ಮೊದಲು ಕನಿಷ್ಠ ಎರಡು ಜಾತಿಯ ಸಸ್ತನಿಗಳ ಮೇಲೆ ವಿಷಪರೀಕ್ಷೆ ಆಗಬೇಕು, ಅದರಲ್ಲಿ ಒಂದು ಇಲಿ-ಹೆಗ್ಗಣದ ಗುಂಪಿಗೆ ಸೇರಿರಬಾರದು. ಇದು ಎಷ್ಟೋ ವರ್ಷಗಳಿಂದ ನಡ್ಕೊಂಡು ಬಂದ ಪದ್ಧತಿ. ನಮ್ಮ ದೇಶದ 2019ರ ಹೊಸ ಔಷಧ ನಿಯಮಗಳಲ್ಲೂ ಇದೇ ಇತ್ತು. ಆ 'ಇನ್ನೊಂದು ಜಾತಿ' ಅನ್ನೋ ಖಾಲಿ ಜಾಗಕ್ಕೆ ಸಾಮಾನ್ಯವಾಗಿ ಬಂದು ಕೂರೋದು ನಾಯಿ.

ದಿನಾ ಗಂಟಲಿಗೆ ಟ್ಯೂಬ್ ಇಳಿಸಿ ಡೋಸ್ ಹಾಕ್ತಾರೆ. 28 ದಿನ, 90 ದಿನ, ದೀರ್ಘಕಾಲ ನುಂಗೋ ಮಾತ್ರೆ ಆದ್ರೆ 9 ತಿಂಗಳು. ಕೆಲವಕ್ಕೆ ಬೇಕಂತಲೇ ಜಾಸ್ತಿ ಡೋಸ್, ಯಾವ ಹಂತದಲ್ಲಿ ಅಂಗ ಕೆಡುತ್ತೆ ಅಂತ ನೋಡಬೇಕಲ್ಲ. ಮುಗಿದ ಮೇಲೆ ಹೆಚ್ಚಿನವನ್ನು ಕೊಲ್ತಾರೆ, ಯಾಕಂದ್ರೆ ಲಿವರ್, ಕಿಡ್ನಿಯ ಚೂರು ಮೈಕ್ರೋಸ್ಕೋಪ್ ಕೆಳಗೆ ಬರಬೇಕು. ಇದಕ್ಕೆ ನಮ್ಮ ಪುಸ್ತಕದಲ್ಲಿರೋ ಪದ 'ಸ್ಯಾಕ್ರಿಫೈಸ್'. ಬಲಿ! ಹರಕೆ ಯಾರದ್ದು, ಕತ್ತು ಯಾರದ್ದು?

(3/6)
ಮೊದಲ ಪೋಸ್ಟ್ ಹಾಕಿದ ತಕ್ಷಣ ನಮ್ಮ ಕ್ಲಾಸಿನವನೇ ಒಬ್ಬ ಮೆಸೇಜ್ ಮಾಡಿದ: 'ನಾಯಿ ಇಲ್ದಿದ್ರೆ ನಿಮ್ಮಜ್ಜಿಗೆ ಇನ್ಸುಲಿನ್ ಎಲ್ಲಿಂದ ಬರ್ತಿತ್ತು ಮಗಾ?'

ಸರಿಯಾದ ಪ್ರಶ್ನೆ, ಹಾರಿಕೆ ಉತ್ತರ ಕೊಡಲ್ಲ. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿ ತೆಗೆದು, ಅವಕ್ಕೆ ಸಕ್ಕರೆ ಕಾಯಿಲೆ ಬರಿಸಿ, ಆಮೇಲೆ ಗ್ರಂಥಿಯ ಸಾರ ಚುಚ್ಚಿ ನೋಡಿದ್ದು ನಿಜ. 1923ರಲ್ಲಿ ಬ್ಯಾಂಟಿಂಗ್‌ಗೆ ನೊಬೆಲ್ ಬಂದಿದ್ದೂ ನಿಜ. ಕೋಟಿಗಟ್ಟಲೆ ಜನ ಬದುಕಿದ್ದಾರೆ, ನಮ್ಮಜ್ಜಿನೂ ಒಬ್ರು. ಆ ಋಣ ಇಲ್ಲ ಅನ್ನೋಷ್ಟು ಭಂಡತನ ನನಗಿಲ್ಲ.

ಆದ್ರೆ ಅದೇ ಇನ್ಸುಲಿನ್ ಕತೆಯನ್ನ ಪೂರ್ತಿ ಹೇಳಪ್ಪ. ದಶಕಗಳ ಕಾಲ ಹಂದಿ, ದನಗಳ ಗ್ರಂಥಿಯಿಂದ ತೆಗೀತಿದ್ರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಾದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ತು. 'ನಮ್ಮ ಹಿರಿಯರು ಹಂದಿಯಿಂದಲೇ ತೆಗೀತಿದ್ರು' ಅಂತ ಹಳೇದಕ್ಕೇ ಜೋತು ಬಿದ್ದಿದ್ರೆ? ಇನ್ಸುಲಿನ್ ತಯಾರಿಕೆಯಲ್ಲಿ ವಿಜ್ಞಾನ ಮುಂದೆ ಹೋಗಬಹುದು, ನಾಯಿ ಪಂಜರದ ವಿಷಯದಲ್ಲಿ ಮಾತ್ರ 1921ರಲ್ಲೇ ನಿಂತಿರಬೇಕಾ?

(4/6)
'ಆದ್ರೂ ಸೇಫ್ಟಿ ಮುಖ್ಯ ಅಲ್ವಾ?' ಮುಖ್ಯವೇ. ಅದಕ್ಕೇ ಕೇಳ್ತಿರೋದು.

ನೀವು ತಿನ್ನೋ ಚಾಕೊಲೇಟ್ ನಾಯಿಗೆ ವಿಷ. ದ್ರಾಕ್ಷಿನೂ ಅಷ್ಟೆ. ತಲೆನೋವಿಗೆ ನುಂಗೋ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಕಿಡ್ನಿ ಕೆಡಿಸುತ್ತೆ. ಇದು ತಿರುಗಾಮುರುಗಾನೂ ಆಗುತ್ತೆ. 1993ರಲ್ಲಿ ಅಮೆರಿಕದಲ್ಲಿ ಫಿಯಾಲುರಿಡಿನ್ ಅನ್ನೋ ಹೆಪಟೈಟಿಸ್-ಬಿ ಔಷಧವನ್ನು 15 ರೋಗಿಗಳಿಗೆ ಕೊಟ್ರು. ನಾಯಿಯೂ ಸೇರಿದಂತೆ ಪ್ರಾಣಿಗಳ ಪರೀಕ್ಷೆಗಳು ಈ ಅಪಾಯವನ್ನು ಮುಂಚೆ ತೋರಿಸಿರಲಿಲ್ಲ. ಲಿವರ್ ಕೆಟ್ಟು 5 ಜನ ಸತ್ರು, ಇಬ್ಬರು ಲಿವರ್ ಕಸಿಯಿಂದ ಉಳಿದ್ರು.

ನಾಯಿಯ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ ಅಂತ ನಾನು ಹೇಳ್ತಿಲ್ಲ. ಕೆಲವು ಸಲ ಅಪಾಯ ಸಿಕ್ಕಿಬೀಳುತ್ತೆ. ಆದ್ರೆ ಈಗ ಮನುಷ್ಯರದ್ದೇ ಕಾಂಡಕೋಶಗಳಿಂದ ಬೆಳೆಸಿದ ಹೃದಯದ ಜೀವಕೋಶಗಳು ತಟ್ಟೆಯಲ್ಲಿ ಮಿಡಿಯುತ್ತವೆ. ಬೆರಳಷ್ಟು ದೊಡ್ಡ ಚಿಪ್‌ನಲ್ಲಿ ಮನುಷ್ಯರ ಲಿವರ್ ಕೋಶ ಇಟ್ಟು ಔಷಧ ಹರಿಸಿ ನೋಡಬಹುದು. ಅಮೆರಿಕದ 1938ರ ಕಾನೂನಿನಿಂದ ಬಂದಿದ್ದ 'ಪ್ರಾಣಿ ಪರೀಕ್ಷೆ ಆಗಲೇಬೇಕು' ಅನ್ನೋ ಕಟ್ಟು 2022ರ ಡಿಸೆಂಬರ್‌ನಲ್ಲಿ ಹೋಯ್ತು. 2023ರಲ್ಲಿ ನಮ್ಮಲ್ಲೂ ನಿಯಮ ತಿದ್ದಿ ಇಂಥ ವಿಧಾನಗಳಿಗೆ ಜಾಗ ಕೊಟ್ರು. ಬಾಗಿಲು ತೆರೆದಿದೆ, ಒಳಗೆ ಹೆಜ್ಜೆ ಇಡೋಕೆ ಮಾತ್ರ ಮೀನಮೇಷ. ಯಾಕಂದ್ರೆ ಹಳೇ ಫೈಲು ಹಾಗೇ ಇದೆ, ಹಳೇ ಫಾರ್ಮ್ಯಾಟ್ ಹಾಗೇ ಇದೆ, ಹೊಸದು ಕಲಿಯೋಕೆ ದುಡ್ಡು ಬೇಕು.

(5/6)
ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ.

2022ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಕಂಬರ್‌ಲ್ಯಾಂಡ್ ಅನ್ನೋ ಕಡೆ, ಲ್ಯಾಬ್‌ಗಳಿಗೆ ಬೀಗಲ್ ಸಾಕಿ ಮಾರ್ತಿದ್ದ ಎನ್ವಿಗೊ ಕಂಪನಿಯ ಕೇಂದ್ರದಿಂದ ಸುಮಾರು 4,000 ನಾಯಿಗಳನ್ನು ಬಿಡಿಸಿದ್ರು. 2024ರಲ್ಲಿ ಕಂಪನಿ ಕೋರ್ಟ್‌ನಲ್ಲಿ ತಪ್ಪೊಪ್ಪಿಕೊಂಡು, ಒಟ್ಟು 3.5 ಕೋಟಿ ಡಾಲರ್‌ಗೂ ಹೆಚ್ಚು ತೆರೋಕೆ ಒಪ್ತು.

ಈಗ ನಮ್ಮ ಕಡೆ ಬನ್ನಿ. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಠ ಹಿಡಿದು ಎತ್ತಿದ ವಿಷಯ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಆಯ್ತು. ಕಾಯ್ದೆಯ 17ನೇ ಸೆಕ್ಷನ್ ಓದಿದ್ರೆ ಖುಷಿಯಾಗುತ್ತೆ: ಪುಸ್ತಕ, ಮಾದರಿ, ಫಿಲ್ಮ್‌ನಲ್ಲೇ ಕಲಿಸಬಹುದಾದ ಕಡೆ ಪ್ರಾಣಿ ಬಳಸಬೇಡಿ, ಸಣ್ಣ ಪ್ರಾಣಿಯಿಂದ ಕೆಲಸ ಆಗೋದಾದ್ರೆ ದೊಡ್ಡದನ್ನು ಮುಟ್ಟಬೇಡಿ ಅನ್ನೋ ಮಾತು ಆಗಲೇ ಇದೆ. ಹಾಗೇ 20ನೇ ಸೆಕ್ಷನ್‌ಗೆ ಬನ್ನಿ. ಪ್ರಯೋಗ ನಿಯಂತ್ರಿಸೋ ಸಮಿತಿಯ ಆದೇಶ ಅಥವಾ ಷರತ್ತು ಮುರಿದ್ರೆ ದಂಡ ಎಷ್ಟು ಬರೆದಿದ್ದಾರೆ ಗೊತ್ತಾ?

ಹೆಚ್ಚೆಂದ್ರೆ 200 ರೂಪಾಯಿ.

ಹೌದು, ಸೊನ್ನೆ ಬಿಟ್ಟು ಹೋಗಿಲ್ಲ. ಇಬ್ಬರು ಹೋಟೆಲ್‌ಗೆ ಹೋಗಿ ಮಸಾಲೆ ದೋಸೆ, ಕಾಫಿ ತಗೊಂಡ್ರೆ ಅಷ್ಟಾಗುತ್ತೆ. ಕಾಲೇಜಿಗೆ ಐಡಿ ಕಾರ್ಡ್ ಮರೆತು ಬಂದ್ರೆ ನಮ್ಮ ಹತ್ರ ಅದರರ್ಧ ಕಿತ್ಕೊಳ್ತಾರೆ. ಒಂದು ಜೀವದ ಮೇಲಿನ ಷರತ್ತು ಮುರಿದ ಸಂಸ್ಥೆಯ ಮುಖ್ಯಸ್ಥರಿಗೆ ಈ ದಂಡ ಹಾಕಿದ್ರೆ ರಸೀದಿ ಪುಸ್ತಕಕ್ಕೇ ನಾಚಿಕೆ ಆಗುತ್ತೆ.

(6/6)
ನಮ್ಮ ಬ್ಯಾಚ್‌ನವರು ನಾಯಿಯ ರಕ್ತದೊತ್ತಡದ ಪ್ರಯೋಗ ಮಾಡಿದ್ದು ಕಂಪ್ಯೂಟರ್‌ನಲ್ಲಿ. ಅಡ್ರಿನಾಲಿನ್ ಒತ್ತಿದ್ರೆ ಗೆರೆ ಮೇಲೆ, ಅಸಿಟೈಲ್‌ಕೋಲಿನ್ ಒತ್ತಿದ್ರೆ ಕೆಳಗೆ. ಒಂದು ಕಾಲದಲ್ಲಿ ಇದೇ ಗೆರೆ ತೋರಿಸೋಕೆ ನಾಯಿಗೆ ಅರಿವಳಿಕೆ ಕೊಟ್ಟು, ಕತ್ತು ಕೊಯ್ದು, ರಕ್ತನಾಳಕ್ಕೆ ಕೊಳವೆ ಹಾಕ್ತಿದ್ರು. ಗೆರೆ ಹೇಗೆ ಬರುತ್ತೆ ಅಂತ ಮೊದಲೇ ಗೊತ್ತಿದ್ರೂ, ವರ್ಷ ವರ್ಷ! ಈಗ ಸಾಫ್ಟ್‌ವೇರ್‌ನಲ್ಲಿ ಕಲಿತ ನಮಗೆ ಯಾವ ರಿಸೆಪ್ಟರ್ ಏನು ಮಾಡುತ್ತೆ ಅನ್ನೋದು ಗೊತ್ತಿಲ್ವಾ?

ಇನ್ನು ಕೆಲಸಕ್ಕೆ ಸೇರೋರು ನಾವೇ. ಟಾಕ್ಸಿಕಾಲಜಿ ಲ್ಯಾಬ್ ಬೇಡ ಅಂತ ಓಡಿಹೋಗಿ ಅಂತ ನಾನು ಹೇಳಲ್ಲ, ಒಳಗಿದ್ದು ಕೇಳೋರು ಬೇಕು. ಪ್ರಯೋಗಕ್ಕೆ ಮುಂಚೆ ಎಥಿಕ್ಸ್ ಕಮಿಟಿಗೆ ಕೊಡೋ ಅರ್ಜಿಯಲ್ಲಿ 'ಪ್ರಾಣಿ ಯಾಕೆ ಬೇಕು, ಈ ಜಾತಿಯೇ ಯಾಕೆ' ಅಂತ ಕೇಳಿರ್ತಾರೆ. ಅಲ್ಲಿ ಹಳೇ ಫೈಲಿನ ವಾಕ್ಯ ಕಾಪಿ-ಪೇಸ್ಟ್ ಮಾಡೋ ಕೈ ನಿಮ್ಮದಾಗೋದು ಬೇಡ.

ಬೆಂಗಳೂರಲ್ಲಿ ಇರೋರಿಗೆ: ಲ್ಯಾಬ್‌ನಿಂದ ಹೊರಬಂದ ಬೀಗಲ್‌ಗಳಿಗೆ ಕ್ಯೂಪಾ ಸಂಸ್ಥೆ ಮನೆ ಹುಡುಕಿಕೊಡುತ್ತೆ. ಪಂಜರದಲ್ಲೇ ಬೆಳೆದ ನಾಯಿಗೆ ಮೆಟ್ಟಿಲು, ಹುಲ್ಲು, ಕುಕ್ಕರ್ ಸೀಟಿ ಎಲ್ಲವೂ ಹೊಸದು. ಸಾಕೋ ತಾಳ್ಮೆ ಇದ್ರೆ ಮಾತ್ರ ವಿಚಾರಿಸಿ, ರೀಲ್ಸ್‌ಗೋಸ್ಕರ ಬೇಡ ದಯವಿಟ್ಟು.

ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋಗ್ತಿರೋರೇ, ಕೊನೆಗೆ 'ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ' ಅಂತಾರಲ್ಲ, ಆಗ ಕೇಳಿ: ಪರೀಕ್ಷೆ ಮುಗಿದ ಮೇಲೆ ನಿಮ್ಮ ನಾಯಿಗಳು ಎಲ್ಲಿಗೆ ಹೋಗ್ತವೆ ಸಾರ್? ಸಿಕ್ಕ ಉತ್ತರ ಕಾಮೆಂಟಲ್ಲಿ ಹಾಕಿ. ಕಂಪನಿ ಹೆಸರು ಬೇಡ, ಉತ್ತರ ಸಾಕು.